ನ್ಯಾಯೋಪಾತ್ತ ಧನ: ನೌಕರಿ ಬಿಟ್ಟು ವ್ಯಾಪಾರಕ್ಕಿಳಿಯುವ ಶ್ರಾವಕನಿಗೊಂದು ಪಾಠ



ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಶಾಸ್ತ್ರಲೇಖನ ಬರೆಯುವುದು ವಿದ್ವಾಂಸರ ಕೆಲಸ. ನಾನು ಮೆಟ್ರಿಕ್‌ವರೆಗೆ ಮಾತ್ರ ಓದಿದವನು. ನಾಲ್ಕು ದಶಕಗಳ ಕಾಲ ಕಾಳುಕಡಿಯ ಪೇಟೆಯಲ್ಲಿ ತಕ್ಕಡಿಯ ಮುಂದೆ ಕುಳಿತವನು. ಆದರೂ ಈ ಸಲ ಲೇಖನಿ ಹಿಡಿಯಲು ಕಾರಣವಿದೆ. ನಮ್ಮ ಸೋಲಾಪುರ, ಅಕ್ಕಲಕೋಟ ಸೀಮೆಯ ಜೈನ ಮನೆಗಳಲ್ಲಿ, ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, ಗುಜರಾತಿಯಿರಲಿ, ಈಚೆಗೆ ಒಂದೇ ಪ್ರಶ್ನೆ ಕೇಳಿಬರುತ್ತಿದೆ. ದೊಡ್ಡ ಕಂಪನಿಯಲ್ಲಿರುವ ಮಗನೋ ಮಗಳೋ ನೌಕರಿ ಬಿಟ್ಟು, ಧರ್ಮಕ್ಕೆ ಒಪ್ಪುವ ಸ್ವಂತ ವ್ಯಾಪಾರ ಮಾಡುತ್ತೇನೆಂದರೆ ಹಿರಿಯರು ಏನು ಹೇಳಬೇಕು?

ಈ ಪ್ರಶ್ನೆ ನನ್ನ ಮನೆಗೂ ಬಂದಿತು. ಪುಣೆಯ ಒಂದು ಕಂಪನಿಯಲ್ಲಿ ಹನ್ನೆರಡು ವರ್ಷ ದುಡಿದ ನನ್ನ ತಂಗಿಯ ಮಗ 2022ರಲ್ಲಿ ಬಂದು, "ಮಾಮಾ, ರಾತ್ರಿ ಹತ್ತಕ್ಕೆ ಕೆಲಸ ಮುಗಿಯುತ್ತದೆ. ಸೂರ್ಯಾಸ್ತದ ಮೊದಲು ಊಟ ಮಾಡಿದ ದಿನ ನೆನಪಿಲ್ಲ. ಈ ಪಾಪದ ನೌಕರಿ ಬಿಟ್ಟು ಧರ್ಮದ ವ್ಯಾಪಾರ ಮಾಡುತ್ತೇನೆ" ಎಂದನು.

ನೌಕರಿ ಪಾಪವೇ?

ಮೊದಲು ಈ ಮಾತನ್ನು ತಿದ್ದಬೇಕಾಯಿತು. ಭಗವಾನ್ ಆದಿನಾಥರು ಕರ್ಮಭೂಮಿಯ ಜನರಿಗೆ ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದರೆಂದು ನಮ್ಮ ಪುರಾಣಗಳು ಸಾರುತ್ತವೆ. ಮಸಿಯೆಂದರೆ ಬರವಣಿಗೆ, ಲೆಕ್ಕಪತ್ರಗಳ ಕೆಲಸ. ಇಂದು ಗಣಕಯಂತ್ರದ ಮುಂದೆ ಕುಳಿತು ದುಡಿಯುವವನೂ ಮಸಿ ಮತ್ತು ವಿದ್ಯೆಗಳಿಂದ ಜೀವಿಸುವವನೇ. ಆದ್ದರಿಂದ ನೌಕರಿ ಬಿಡುವುದು ತ್ಯಾಗವಲ್ಲ, ವೃತ್ತಿಯ ಬದಲಾವಣೆ ಮಾತ್ರ. ಅಂಗಡಿ ಹಾಕಿದ ಮಾತ್ರಕ್ಕೆ ಯಾರೂ ಧರ್ಮಾತ್ಮರಾಗುವುದಿಲ್ಲ.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರ ಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ಮೊದಲು ಹೇಳುವುದು ನ್ಯಾಯೋಪಾತ್ತ ಧನವನ್ನು, ಅಂದರೆ ನ್ಯಾಯದಿಂದ ಗಳಿಸಿದ ಸಂಪತ್ತನ್ನು. ಹನ್ನೆರಡನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಹೇಳಿದ ಮೂವತ್ತೈದು ಗುಣಗಳಲ್ಲಿಯೂ ಇದೇ ಪ್ರಥಮ. ಎರಡೂ ಆಮ್ನಾಯಗಳು ಗೃಹಸ್ಥಧರ್ಮವನ್ನು ಗಳಿಕೆಯ ರೀತಿಯಿಂದಲೇ ಆರಂಭಿಸಿದುದು ವಿಚಾರಾರ್ಹ.

ಯಾವ ವ್ಯಾಪಾರ?

ಮೊದಲು ಅವನ ಮನಸ್ಸು ಎಣ್ಣೆಗಾಣದ ಕಡೆಗಿತ್ತು. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಯಂತ್ರಪೀಡನವೂ ಒಂದು. ಎಳ್ಳು, ಕಬ್ಬು ಮೊದಲಾದವನ್ನು ಯಂತ್ರದಲ್ಲಿ ಹಿಂಡುವುದು ಅದರಲ್ಲಿ ಸೇರುತ್ತದೆ. ಕಾಡು ಕಡಿಸುವ ವನಕರ್ಮ, ಜೇನು ಮದ್ಯಾದಿಗಳ ರಸವಾಣಿಜ್ಯ, ವಿಷವಾಣಿಜ್ಯಗಳು ಅದೇ ಪಟ್ಟಿಯಲ್ಲಿವೆ. ಇದನ್ನು ಹೇಳಿದಾಗ ಅವನು, "ಮನೆಯಲ್ಲಿ ಎಣ್ಣೆ ತಿನ್ನುತ್ತೇವಲ್ಲ ಮಾಮಾ, ಅದನ್ನು ಯಾರೋ ಹಿಂಡಿದ್ದೇ ತಾನೇ?" ಎಂದು ಕೇಳಿದನು.

ಪ್ರಶ್ನೆ ಸಣ್ಣದಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆ ನಾಲ್ಕು ಬಗೆ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ತಿ ಬಿಡಬೇಕು. ಅಡುಗೆ ಉದ್ಯೋಗಗಳಲ್ಲಿ ತಪ್ಪದೆ ಆಗುವುದನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕು. ಗಾಣದವನನ್ನು ನಿಂದಿಸಲು ಈ ಪಟ್ಟಿಯಿಲ್ಲ. ಆಯ್ಕೆ ನಮ್ಮ ಕೈಯಲ್ಲಿರುವಾಗ ಅಲ್ಪಾರಂಭದ ದಾರಿ ಹಿಡಿ ಎಂದು ಎಚ್ಚರಿಸಲು ಇದೆ. ಕೊನೆಗೆ ಅವನು ನಮ್ಮ ಸೀಮೆಯ ಕಡಕ ಜೋಳದ ರೊಟ್ಟಿ ಮತ್ತು ಬೆಳ್ಳುಳ್ಳಿಯಿಲ್ಲದ ಶೇಂಗಾ ಚಟ್ನಿಯನ್ನು ಆರಿಸಿಕೊಂಡನು. ಶೇಂಗಾ ನೆಲದೊಳಗೆ ಬೆಳೆದರೂ ಅದು ಕಾಳು; ಕಂದಮೂಲವಲ್ಲ.

ಪೊಟ್ಟಣದ ಮೇಲಿನ ಮಾತು

ಮುದ್ರಣಕ್ಕೆ ಹೋಗುವ ಮೊದಲು ಪೊಟ್ಟಣದ ನಮೂನೆ ತಂದು ತೋರಿಸಿದನು. ನಮ್ಮ ಬಸದಿಯ ಶಿಖರದ ಚಿತ್ರ. ಕೆಳಗೆ "ಶುದ್ಧ ಜೈನ ಆಹಾರ" ಎಂಬ ಅಕ್ಷರಗಳು. ನಾನು ಎರಡನ್ನೂ ಬೇಡವೆಂದೆ. ಬಸದಿ ಸಮಾಜದ್ದು, ಟ್ರಸ್ಟಿನ ಸದಸ್ಯನಾದ ನಾನು ಅದರ ಹೆಸರನ್ನು ನನ್ನ ಸೋದರಳಿಯನ ಲಾಭಕ್ಕೆ ಕೊಡಲಾಗದು. ಮೇಲಾಗಿ ತಿಂದೆಸೆದ ಪೊಟ್ಟಣ ಚರಂಡಿಗೆ ಬೀಳುತ್ತದೆ; ಶಿಖರವನ್ನು ಅಲ್ಲಿಗೆ ಕಳಿಸುವುದು ಅವಿನಯ.

ಎರಡನೆಯದು ಸತ್ಯದ ಮಾತು. ದಿಗಂಬರ ಪರಂಪರೆಯ ಶೋಧದ ಆಹಾರದಲ್ಲಿ ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ತಿಂಗಳುಗಟ್ಟಲೆ ಅಂಗಡಿಯಲ್ಲಿರುವ ಚಟ್ನಿ ವ್ರತಿಗಳಿಗೆ ಶುದ್ಧವಾಗುವುದು ಹೇಗೆ? ಸರಕಾರದ ಹಸಿರು ಚುಕ್ಕೆಯೂ ಸಾಲದು. ಜೇನುತುಪ್ಪಕ್ಕೂ, ಈರುಳ್ಳಿ ಬೆಳ್ಳುಳ್ಳಿ ಹಾಕಿದ ತಿನಿಸಿಗೂ ಅದೇ ಚುಕ್ಕೆ ಇರುತ್ತದೆ. ಸುಳ್ಳು ಬರಹವನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಕೂಟಲೇಖಕ್ರಿಯೆಯೆಂದು ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದೆ. "ಇದರಲ್ಲಿ ಏನಿಲ್ಲವೋ ಅಷ್ಟನ್ನೇ ಬರೆ, ಮಾಡಿದ ದಿನವನ್ನು ದಪ್ಪಕ್ಷರದಲ್ಲಿ ಹಾಕು" ಎಂದೆ. ಅವನಿಗೆ ನೋವಾಯಿತು, ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಬಂದ ಪೊಟ್ಟಣದಲ್ಲಿ ಶಿಖರವಿರಲಿಲ್ಲ. "ಈರುಳ್ಳಿ, ಬೆಳ್ಳುಳ್ಳಿ, ಕಂದಮೂಲಗಳಿಲ್ಲ" ಎಂದಷ್ಟೇ ಇತ್ತು.

ತಕ್ಕಡಿ

ಇಷ್ಟು ಬೋಧಿಸಿದ ನನ್ನ ಕೈ ಶುದ್ಧವಿತ್ತೇ? ಇಲ್ಲಿ ನನ್ನ ತಪ್ಪನ್ನು ಹೇಳಲೇಬೇಕು. 1984ರ ಸುಗ್ಗಿ. ಒಂದು ಕಿಲೋ ತೂಗದ ಗೋಣಿಚೀಲಕ್ಕೆ ರೈತರ ಜೋಳದಲ್ಲಿ ಎರಡು ಕಿಲೋ ಕಡಿಯುತ್ತಿದ್ದೆ. ಸುತ್ತಲಿನವರೂ ಹಾಗೆಯೇ ಮಾಡುತ್ತಿದ್ದುದರಿಂದ ಅದು ಕಳವೆಂದು ಅನಿಸಿರಲಿಲ್ಲ. ಒಂದು ದಿನ ಮುದುಕಿಯೊಬ್ಬಳು ಖಾಲಿ ಚೀಲವನ್ನು ಮಡಚಿ ಮುಂದಿಟ್ಟು, "ಸಾವ್ಕಾರ, ಇದನ್ನೂ ಒಮ್ಮಿ ತಕ್ಕಡ್ಯಾಗ ಇಟ್ಟು ನೋಡ್ರಿ" ಎಂದಳು. ಬೆಳಗಿನ ಅಭಿಷೇಕದ ಗಂಧ ನನ್ನ ಹಣೆಯ ಮೇಲೆ ಹಾಗೆಯೇ ಇತ್ತು. ಆಕೆ ಅದನ್ನು ನೋಡಿದಳು, ಬೇರೇನೂ ಹೇಳಲಿಲ್ಲ.

ಅಚೌರ್ಯಾಣುವ್ರತದ ಐದು ಅತಿಚಾರಗಳು ಇವು: ಕಳವಿಗೆ ಪ್ರೇರಣೆ, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಾನೂನನ್ನು ಮೀರುವುದು, ಹೀನಾಧಿಕ ಮಾನೋನ್ಮಾನ, ಕಲಬೆರಕೆಯ ಪ್ರತಿರೂಪಕ ವ್ಯವಹಾರ. ಮೂರನೆಯದರಲ್ಲಿ ಇಂದಿನ ತೆರಿಗೆ, ಆಹಾರ ಪರವಾನಗಿ, ತೂಕದ ಮುದ್ರೆಗಳೆಲ್ಲ ಸೇರುತ್ತವೆ. ನಾಲ್ಕನೆಯದು ಕಡಿಮೆ ತೂಗಿ ಕೊಟ್ಟು ಹೆಚ್ಚು ತೂಗಿ ಕೊಳ್ಳುವುದು, ಅದು ನನ್ನದೇ. ಅಂದಿನಿಂದ ಚೀಲದ ನಿಜ ತೂಕವನ್ನಷ್ಟೇ ಕಡಿದೆನು. ಹಿಂದೆ ಕಡಿದದ್ದನ್ನು ಯಾರಿಗೆಂದು ಮರಳಿಸಲಿ? ಆ ಲೆಕ್ಕ ಇನ್ನೂ ಬಾಕಿಯಿದೆ.

ದುಡಿಯುವವರ ಹೊತ್ತು

ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ, ಇವು ಅಹಿಂಸಾಣುವ್ರತದ ಅತಿಚಾರಗಳು. ಎತ್ತಿಗೆ ಹೊರೆ ಹೆಚ್ಚು ಹೇರಬಾರದೆಂಬುದು ಆಳುಕಾಳುಗಳಿಗೂ ಸಲ್ಲುತ್ತದೆ. 2023ರ ದೀಪಾವಳಿಗೆ, ಅಂದರೆ ಮಹಾವೀರ ಸ್ವಾಮಿಯ ನಿರ್ವಾಣೋತ್ಸವಕ್ಕೆ, ಎಂಟು ದಿನಗಳಲ್ಲಿ ಎರಡು ಸಾವಿರ ಪೊಟ್ಟಣ ಬೇಕೆಂದು ಒಬ್ಬ ವ್ಯಾಪಾರಿ ಕೇಳಿದನು. ರೊಟ್ಟಿ ಬಡಿಯುವ ಆರು ಜನ ಹೆಣ್ಣುಮಕ್ಕಳು ರಾತ್ರಿ ಹತ್ತರವರೆಗೆ ನಿಲ್ಲಬೇಕಾಗಿತ್ತು. ಅಳಿಯನು ಒಪ್ಪುವುದರಲ್ಲಿದ್ದನು. ಅವನ ಹೆಂಡತಿ, "ಕಂಪನಿಯವರು ನಿಮಗೆ ಮಾಡಿದ್ದನ್ನೇ ನೀವು ಇವರಿಗೆ ಮಾಡುತ್ತೀರಾ?" ಎಂದು ಕೇಳಿದಳು. ಏಳುನೂರು ಮಾತ್ರ ಕೊಡಬಲ್ಲೆನೆಂದು ಅವನು ತಿಳಿಸಿದಾಗ ವ್ಯಾಪಾರಿ ಪೂರ್ತಿ ಆರ್ಡರನ್ನೇ ರದ್ದು ಮಾಡಿದನು. ಆ ಹಬ್ಬದಲ್ಲಿ ಮನೆಗೆ ಹೊಸ ಬಟ್ಟೆ ಬರಲಿಲ್ಲ. ಆ ಹೆಣ್ಣುಮಕ್ಕಳು ಮಾತ್ರ ಹೊತ್ತು ಮುಳುಗುವ ಮೊದಲು ಮನೆ ಸೇರಿದರು.

ಪರಿಮಾಣ

ಪರಿಗ್ರಹ ಪರಿಮಾಣವನ್ನು ನಾವು ಶ್ರೀಮಂತರ ವ್ರತವೆಂದು ತಿಳಿದಿದ್ದೇವೆ. ಬಂಡವಾಳ ಹೂಡುವವನಿಗೂ ಅದೇ ರಕ್ಷೆ. ರಾಜೀನಾಮೆಗೆ ಮೊದಲೇ ಗಂಡ ಹೆಂಡತಿ ಕುಳಿತು ಕಾಗದದ ಮೇಲೆ ಬರೆದರು: ಮನೆಯ ಸಾಲ ತೀರಿರಬೇಕು, ಒಂದು ವರ್ಷದ ಸಂಸಾರದ ಖರ್ಚು ಬ್ಯಾಂಕಿನಲ್ಲಿರಬೇಕು, ತಾಯಿಯ ಬಂಗಾರ ಮುಟ್ಟಬಾರದು, ನಷ್ಟ ಇಷ್ಟನ್ನು ಮೀರಿದರೆ ನಾಚಿಕೆಯಿಲ್ಲದೆ ನೌಕರಿಗೆ ಮರಳಬೇಕು, ಗಳಿಕೆ ಇಷ್ಟನ್ನು ಮೀರಿದರೆ ಹೆಚ್ಚಿನದು ದಾನಕ್ಕೆ. ಕೊನೆಯ ಸಾಲಿನ ಅವಕಾಶ ಇನ್ನೂ ಬಂದಿಲ್ಲ. ಹಳೆಯ ಸಂಬಳದ ಅರ್ಧವೂ ಅವನ ಕೈಗೆ ಬರುತ್ತಿಲ್ಲ. ಧರ್ಮದಿಂದ ನಡೆದರೆ ಲಾಭ ತಾನಾಗಿ ಬರುತ್ತದೆಂದು ನಾನು ಬರೆಯಲಾರೆ. ಪೇಟೆಯಲ್ಲಿ ಕುಳಿತವನು ಅಂಥ ಸುಳ್ಳು ಹೇಳಬಾರದು. ಸಂಜೆ ಐದೂವರೆಗೆ ಅವನು ಮಕ್ಕಳೊಡನೆ ಊಟಕ್ಕೆ ಕೂಡುತ್ತಾನೆ ಎಂಬುದು ಮಾತ್ರ ನಿಜ.

ಆದುದರಿಂದ ಇಂಥ ಯೋಚನೆಯಲ್ಲಿರುವ ತರುಣ ತರುಣಿಯರಿಗೆ ನನ್ನ ವಿನಂತಿ ಇಷ್ಟೇ. ಪೊಟ್ಟಣದ ಮೇಲೆ ಧರ್ಮದ ಹೆಸರು ಬರೆಯುವ ಮೊದಲು ತಕ್ಕಡಿಯನ್ನು, ಲೆಕ್ಕದ ವಹಿಯನ್ನು, ದುಡಿಯುವವರ ಹೊತ್ತನ್ನು ನೋಡಿರಿ. ಅಲ್ಲಿ ಧರ್ಮವಿದ್ದರೆ ನೌಕರಿಯೂ ಶ್ರಾವಕನ ವೃತ್ತಿಯೇ. ಇಲ್ಲದಿದ್ದರೆ ಬಸದಿಯ ಎದುರಿಗಿರುವ ಅಂಗಡಿಯೂ ಅಲ್ಲ. ಹಿರಿಯರು ಮಕ್ಕಳನ್ನು ತಡೆಯುವ ಮೊದಲು, ಹೊಗಳುವ ಮೊದಲು, ಒಂದು ಸಂಜೆ ಅವರೊಡನೆ ಕುಳಿತು ಈ ಲೆಕ್ಕ ಮಾಡಿರಿ. ತಮ್ಮ ಹಳೆಯ ತಕ್ಕಡಿಯ ಕಥೆಯಿದ್ದರೆ ಅದನ್ನೂ ಮುಚ್ಚಿಡದೆ ಹೇಳಿರಿ.

ಅಲ್ಪಜ್ಞನಾದ ನನ್ನ ಬರಹದಲ್ಲಿ ಶಾಸ್ತ್ರವಿರುದ್ಧವಾದುದೇನಾದರೂ ಇದ್ದರೆ ಬಲ್ಲವರು ತಿದ್ದಿ ಕ್ಷಮಿಸಬೇಕು.

ಜಯಜಿನೇಂದ್ರ.