ಆರೋಗ್ಯ ಪ್ರಶ್ನೋತ್ತರ: ಬಿರುಬೇಸಿಗೆಯಲ್ಲಿ ಟ್ರಯಥ್ಲಾನ್ ಅಭ್ಯಾಸ

ಪ್ರಶ್ನೆ: ನಾವು ಮೂವರು ಗೆಳೆಯರು ಗೋವೆಯ ಐರನ್‌ಮ್ಯಾನ್ 70.3 ಸ್ಪರ್ಧೆಯ ರಿಲೇ ವಿಭಾಗಕ್ಕೆ ಸಿದ್ಧರಾಗುತ್ತಿದ್ದೇವೆ. ಈಜು ಮಾನ್ವಿಯ ಗೆಳೆಯನದು, ಸೈಕಲ್ಲು ದೇವದುರ್ಗದವನದು, ಓಟ ನನ್ನದು. ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ಐದೂವರೆಗೆ ಓಡುತ್ತೇನೆ. ಏಪ್ರಿಲ್‌ನಲ್ಲಿ ಎರಡು ಸಲ ತಲೆಸುತ್ತು, ವಾಕರಿಕೆ ಬಂದವು. ಬಿಸಿಲಿನಲ್ಲೇ ಓಡಿ ಮೈಯನ್ನು ಪಳಗಿಸಿದರೆ ಗೋವೆಯಲ್ಲಿ ಅನುಕೂಲವಾಗುವುದೆಂದು ಗೆಳೆಯರ ಅಭಿಪ್ರಾಯ. ಮುಂದುವರಿಸಲೆ, ನಿಲ್ಲಿಸಲೆ? (34 ವರ್ಷ, ರಾಯಚೂರು)

ಉತ್ತರ: ಓಟವನ್ನು ಮುಂದುವರಿಸಿರಿ, ಸಂಜೆಯ ಹೊತ್ತನ್ನು ಬಿಟ್ಟುಬಿಡಿರಿ. ಕೃಷ್ಣೆಗೂ ತುಂಗಭದ್ರೆಗೂ ನಡುವೆ ಹಬ್ಬಿ, ಶಾಸನಗಳ ಕಾಲದಿಂದ ಎಡೆದೊರೆ ನಾಡೆನಿಸಿಕೊಂಡ ನಮ್ಮ ಈ ಪ್ರದೇಶದಲ್ಲಿ ಏಪ್ರಿಲ್ ಮೇ ತಿಂಗಳುಗಳ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಪ್ರತಿವರ್ಷದ ಮಾತಾಗಿರುವುದರಿಂದಲೂ, ಹಗಲೆಲ್ಲ ಕಾದ ಬಂಡೆಗುಡ್ಡಗಳೂ ಡಾಂಬರು ರಸ್ತೆಗಳೂ ಸಿಮೆಂಟಿನ ಗೋಡೆಗಳೂ ತಾವು ಹೀರಿದ ತಾಪವನ್ನು ಸೂರ್ಯಾಸ್ತದ ಮೇಲೆಯೂ ಬಹಳ ಹೊತ್ತು ಹೊರಸೂಸುತ್ತಿರುವುದರಿಂದಲೂ, ಸಂಜೆ ಐದೂವರೆಯೆಂಬುದು ಕಣ್ಣಿಗೆ ತಂಪಾಗಿ ತೋರಿದರೂ ಉಷ್ಣಮಾಪಕದ ಲೆಕ್ಕದಲ್ಲಿ ಇನ್ನೂ ಮಧ್ಯಾಹ್ನವೇ ಆಗಿರುತ್ತದೆ. ದಿನದಲ್ಲಿ ಅತ್ಯಂತ ತಂಪಾದ ಗಳಿಗೆ ಸೂರ್ಯೋದಯದ ಆಸುಪಾಸಿನದು. ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನೇ ಈ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿಯಿರುವಾಗ, ಓಟಗಾರನು ಐದಕ್ಕೆ ಹೊರಟು ಆರೂವರೆಯೊಳಗಾಗಿ ಮನೆ ಸೇರಿದರೆ ಅದನ್ನು ಹೇಡಿತನವೆಂದು ಯಾರೂ ಎಣಿಸಬೇಕಾಗಿಲ್ಲ.

ತಮಗೆ ಬಂದ ತಲೆಸುತ್ತು ವಾಕರಿಕೆಗಳು ಉಷ್ಣದಿಂದುಂಟಾದ ಬಳಲಿಕೆಯ ಲಕ್ಷಣಗಳೆಂದು ತೋರುತ್ತದೆ. ಅವು ಪೂರ್ತಿ ಹೋಗುವವರೆಗೆ ವಿಶ್ರಾಂತಿ ಪಡೆಯತಕ್ಕದ್ದು, ಮತ್ತೆ ಕಾಣಿಸಿಕೊಂಡರೆ ವೈದ್ಯರಲ್ಲಿ ಪರೀಕ್ಷಿಸಿಕೊಳ್ಳತಕ್ಕದ್ದು. ರಾಯಚೂರಿನಲ್ಲಿಯೇ ಹುಟ್ಟಿ ಬೆಳೆದವನಿಗೆ ಹೀಗೇಕಾಯಿತೆಂದು ತಾವು ಕೇಳಬಹುದು. ಹಗಲೆಲ್ಲ ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತವನ ದೇಹಕ್ಕೆ ಊರಿನ ಬಿಸಿಲು ಪರವೂರಿನ ಬಿಸಿಲೇ ಸರಿ.

ಇನ್ನು ಮೈಯನ್ನು ಪಳಗಿಸುವ ವಿಚಾರ. ಸ್ನಾಯುವು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಚಲನೆಯಾಗಿ ಪರಿಣಮಿಸುತ್ತದೆ, ಉಳಿದ ಮುಕ್ಕಾಲು ಪಾಲು ಶಾಖವಾಗುತ್ತದೆ. ಗಾಳಿಯು ಚರ್ಮಕ್ಕಿಂತ, ಅಂದರೆ ಸುಮಾರು 35 ಡಿಗ್ರಿಗಿಂತ, ಬಿಸಿಯಾಗಿರುವಾಗ ಆ ಶಾಖಕ್ಕೆ ಹೊರಬೀಳಲು ಬೆವರು ಆರುವುದೊಂದೇ ದಾರಿ. ದಿನಕ್ಕೆ ಒಂದು ಒಂದೂವರೆ ಗಂಟೆಯಂತೆ ಹತ್ತು ಹದಿನಾಲ್ಕು ದಿನ ಬಿಸಿಯಲ್ಲಿ ಹಿತಮಿತವಾಗಿ ಶ್ರಮಿಸಿದರೆ, ಮೊದಲ ಕೆಲವು ದಿನಗಳಲ್ಲಿಯೇ ರಕ್ತದ ದ್ರವಾಂಶ ಹೆಚ್ಚಿ, ಆಮೇಲೆ ಬೆವರು ಬೇಗನೆ ಹಾಗೂ ಹೇರಳವಾಗಿ ಸ್ರವಿಸತೊಡಗಿ, ಅದರಲ್ಲಿ ಹೋಗುವ ಉಪ್ಪಿನಂಶ ಕಡಿಮೆಯಾಗಿ, ಅದೇ ವೇಗದ ಓಟಕ್ಕೆ ಹೃದಯದ ಬಡಿತ ಇಳಿಯುವುದೆಂಬುದು ನಿಜ. ತಮ್ಮ ಗೆಳೆಯರಿಗೆ ತಿಳಿಯದ ಮಾತೆಂದರೆ, ಈ ಗಳಿಕೆಯನ್ನು ಕೂಡಿಡಲು ಬರುವುದಿಲ್ಲ. ಬಿಸಿಯ ಸಂಪರ್ಕ ತಪ್ಪಿದ ಮೂರು ನಾಲ್ಕು ವಾರಗಳಲ್ಲಿ ಅದು ಬಹುಮಟ್ಟಿಗೆ ಕರಗಿಹೋಗುತ್ತದೆ. 2019ರಲ್ಲಿ ಮೊದಲಾದ ಗೋವೆಯ ಈ ಸ್ಪರ್ಧೆ ಇದುವರೆಗೆ ನಡೆದಿರುವುದು ಅಕ್ಟೋಬರ್ ನವೆಂಬರ್‌ಗಳಲ್ಲಿ. ಮೇ ತಿಂಗಳ ಬಿಸಿಲನ್ನುಂಡ ದೇಹವು ಮುಂಗಾರನ್ನೆಲ್ಲ ದಾಟಿ ಅಲ್ಲಿಗೆ ತಲಪುವಾಗ ಆ ಅಭ್ಯಾಸದ ಕುರುಹೂ ಉಳಿದಿರುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಮುಂಜಾನೆಯ ಓಟದಿಂದ ಶಕ್ತಿಯನ್ನು ಕಾಪಾಡಿಕೊಂಡು, ಸ್ಪರ್ಧೆಗೆ ಹದಿನೈದು ದಿನ ಮುಂಚಿತವಾಗಿ, ನಮ್ಮಲ್ಲಿ ಆಗ ಸಹ್ಯವಾಗಿರುವ ಮಧ್ಯಾಹ್ನದ ಬಿಸಿಯಲ್ಲಿ, ದಿನದಿನಕ್ಕೆ ಅಷ್ಟಷ್ಟೇ ಹೆಚ್ಚಿಸುತ್ತ ಅಭ್ಯಾಸ ಮಾಡತಕ್ಕದ್ದು. ಗೋವೆಯದು ಕಡಲತೀರದ ತೇವದ ಸೆಕೆ. ಬೆವರು ಅಲ್ಲಿ ಹರಿದು ನೆಲಕ್ಕೆ ಬೀಳುತ್ತದೆಯೇ ಹೊರತು ಸುಲಭವಾಗಿ ಆರುವುದಿಲ್ಲ, ಆರದ ಬೆವರಿನಿಂದ ತಂಪೂ ಇಲ್ಲ. ಅಲ್ಲಿ ವೇಗವನ್ನು ತಗ್ಗಿಸಲೇಬೇಕು.

ರಿಲೇಯಲ್ಲಿ ಓಡುವವನಿಗೆ ಇನ್ನೊಂದು ಸಂಕಟವುಂಟು, ಅದನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಟೋಕಿಯೋ ಒಲಿಂಪಿಕ್ಸಿನಲ್ಲಿ 2021ರ ಜುಲೈ 31ರಂದು ಮೊದಲ ಬಾರಿಗೆ ನಡೆದ ಮಿಶ್ರ ರಿಲೇಯಲ್ಲಿ ನಾಲ್ವರು ಒಬ್ಬರಾದ ಮೇಲೊಬ್ಬರು 300 ಮೀಟರ್ ಈಜಿ, 7 ಕಿಲೋಮೀಟರಿನಷ್ಟು ಸೈಕಲ್ ತುಳಿದು, 2 ಕಿಲೋಮೀಟರ್ ಓಡಿದರು. ತಲೆಗೆ ಇಪ್ಪತ್ತು ನಿಮಿಷದ ಕೆಲಸ, ಅದೂ ಬೆಳಿಗ್ಗೆ ಏಳೂವರೆಗೆ ಆರಂಭ. ತಮ್ಮದು ಹಾಗಲ್ಲ. ಒಬ್ಬನು 1.9 ಕಿಲೋಮೀಟರ್ ಈಜಿ, ಇನ್ನೊಬ್ಬನು 90 ಕಿಲೋಮೀಟರ್ ಸೈಕಲ್ ತುಳಿದು ಬರುವವರೆಗೆ ತಾವು ಕಾಯಬೇಕು. ಬೆಳಿಗ್ಗೆ ಏಳಕ್ಕೆ ಆರಂಭವಾಯಿತೆಂದಿಟ್ಟುಕೊಂಡರೂ ತಮ್ಮ ಸರದಿ ಬರುವ ಹೊತ್ತಿಗೆ ಹನ್ನೊಂದಾಗಬಹುದು, ಆಮೇಲೆ 21.1 ಕಿಲೋಮೀಟರ್. ಗೆಳೆಯರನ್ನು ಹುರಿದುಂಬಿಸುತ್ತ ನಾಲ್ಕು ಗಂಟೆ ಬಿಸಿಲಿನಲ್ಲಿ ನಿಂತವನು ಓಟವನ್ನು ಆರಂಭಿಸುವ ಮೊದಲೇ ಕಾದಿರುತ್ತಾನೆ. ನೆರಳಿನಲ್ಲಿ ಕುಳಿತಿರಿ, ಒದ್ದೆಯ ವಸ್ತ್ರವನ್ನು ಕುತ್ತಿಗೆಗೆ ಸುತ್ತಿಕೊಳ್ಳಿರಿ, ಸರದಿಗೆ ಅರ್ಧ ಗಂಟೆ ಮುಂಚೆ ಪುಡಿಮಾಡಿದ ಮಂಜುಗಡ್ಡೆ ಬೆರೆತ ಪಾನೀಯವನ್ನು ಅರ್ಧ ಲೀಟರಿನಷ್ಟು ನಿಧಾನವಾಗಿ ಸೇವಿಸಿರಿ. ಮೈಬಿಸಿ ಮಾಡಿಕೊಳ್ಳುವ ವ್ಯಾಯಾಮ ಅಂದು ಅಗತ್ಯವೇ ಇಲ್ಲ. ಮತ್ತೂ ಒಂದು ಮಾತು: ಮೂವರಲ್ಲಿ ವೇಗದ ಓಟಗಾರನು ಯಾರೆಂದು ನೋಡುವುದಕ್ಕಿಂತ ಬಿಸಿಯನ್ನು ಚೆನ್ನಾಗಿ ತಾಳುವವನು ಯಾರೆಂದು ನೋಡಿ ಓಟವನ್ನು ಅವನಿಗೆ ಒಪ್ಪಿಸುವುದು ಲೇಸು; ಅದು ತಾವೇ ಆಗಿರಬೇಕೆಂಬ ನಿಯಮವಿಲ್ಲವಷ್ಟೆ.

ಪ್ರಶ್ನೆ: ಸೈಕಲ್ ತುಳಿಯುವಾಗ ನನಗೆ ಬೆವರೇ ಬರುವುದಿಲ್ಲ, ಆದರೂ ಅಂಗಿಯ ಮೇಲೆ ಬಿಳಿಯ ಗೆರೆಗಳು ಕಾಣುತ್ತವೆ, ಮೀನಖಂಡ ಹಿಡಿಯುತ್ತದೆ. ಎಷ್ಟು ನೀರು ಕುಡಿಯಬೇಕು? ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯದೆಂದು ನಮ್ಮವ್ವ ಹೇಳುತ್ತಾಳೆ, ನಿಜವೆ? (29 ವರ್ಷ, ದೇವದುರ್ಗ)

ಉತ್ತರ: ತಮಗೆ ಬೆವರು ಬರುತ್ತಿದೆ, ಧಾರಾಳವಾಗಿಯೇ ಬರುತ್ತಿದೆ, ಶುಷ್ಕವಾದ ಗಾಳಿಯೂ ಸೈಕಲ್ಲಿನ ವೇಗವೂ ಸೇರಿ ಅದನ್ನು ಕಣ್ಣಿಗೆ ಬೀಳುವ ಮುಂಚೆಯೇ ಆರಿಸಿಬಿಡುತ್ತವೆ. ಅಂಗಿಯ ಮೇಲಿನ ಬಿಳಿಯ ಗೆರೆ ಆ ಬೆವರು ಬಿಟ್ಟುಹೋದ ಉಪ್ಪು. ಶ್ರಮಿಸುವವನು ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೂ ಬೆವರಬಲ್ಲನಾದುದರಿಂದ ಎಲ್ಲರಿಗೂ ಒಂದೇ ಅಳತೆಯನ್ನು ಹೇಳುವ ವೈದ್ಯನನ್ನು ನಂಬಬೇಡಿರಿ. ಹೊರಡುವ ಮುಂಚೆಯೂ ಮರಳಿದ ಮೇಲೆಯೂ ಕಡಿಮೆ ಬಟ್ಟೆಯಲ್ಲಿ ತೂಕ ನೋಡಿಕೊಳ್ಳಿರಿ: ಒಂದು ಕಿಲೋ ಇಳಿದಿದ್ದರೆ, ಕುಡಿದುದನ್ನು ಬಿಟ್ಟು, ಇನ್ನೊಂದು ಲೀಟರಿನ ಕೊರತೆಯಾಗಿದೆಯೆಂದರ್ಥ. ಇಳಿತವು ದೇಹತೂಕದ ನೂರಕ್ಕೆ ಎರಡರ ಒಳಗಿರಲಿ. ತೂಕ ಏರಿದ್ದರೆ ಮಿತಿಮೀರಿ ಕುಡಿದಿರುವಿರಿ, ಅದೂ ಅಪಾಯವೇ. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಮತಿಭ್ರಮಣೆ, ಸೆಳವುಗಳವರೆಗೂ ಹೋದವರುಂಟು.

ಮೀನಖಂಡದ ಸೆಳೆತಕ್ಕೆ ಉಪ್ಪಿನ ನಷ್ಟವೊಂದೇ ಕಾರಣವೆಂದು ಹೇಳಲಾಗದು, ದಣಿದ ಸ್ನಾಯುವೂ ಹಾಗೆಯೇ ಹಿಡಿಯುತ್ತದೆ. ಗಂಟೆಗೂ ಮೀರಿದ ಸವಾರಿಗೆ ಓಆರ್‌ಎಸ್ ಪೊಟ್ಟಣ ಕಲಸಿದ ನೀರು, ಇಲ್ಲವೆ ಒಂದು ಲೀಟರ್ ನೀರಿಗೆ ಅರ್ಧ ಚಹಾಚಮಚ ಉಪ್ಪನ್ನೂ ಆರು ಚಹಾಚಮಚ ಸಕ್ಕರೆಯನ್ನೂ ಮಟ್ಟವಾಗಿ ಅಳೆದು ಕಲಸಿದ ನೀರು ಸಾಕು. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ. ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವುದರಿಂದ, ದಿನಕ್ಕೆ ಐದಾರು ಲೀಟರ್ ಕುಡಿಯುವ ತಮ್ಮಂಥವರು ಶುದ್ಧೀಕರಿಸಿದ ನೀರನ್ನೇ ಬಳಸತಕ್ಕದ್ದು. ಉಳ್ಳಾಗಡ್ಡಿಯು ಜೇಬಿನಲ್ಲಿದ್ದು ಮಾಡುವ ಉಪಕಾರವೇನೂ ಇಲ್ಲ. ಹಾಗೆಂದು ಅವ್ವನೊಡನೆ ವಾದಕ್ಕಿಳಿಯಬೇಡಿರಿ. ರೊಟ್ಟಿಯ ಜೊತೆ ತಿಂದುಬಿಡಿರಿ.

ಪ್ರಶ್ನೆ: ನಾನು ಕಾಲುವೆಯಲ್ಲಿ ಈಜು ಕಲಿತವನು. ನೀರಿನಲ್ಲಿರುವವನಿಗೆ ಬಿಸಿಲಿನ ಭಯವಿಲ್ಲವಷ್ಟೆ? (31 ವರ್ಷ, ಮಾನ್ವಿ)

ಉತ್ತರ: ಉಂಟು. 2010ರ ಅಕ್ಟೋಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಫುಜೈರಾದಲ್ಲಿ ಬೆಚ್ಚನೆಯ ಸಮುದ್ರದ ಸ್ಪರ್ಧೆಯೊಂದರಲ್ಲಿ ಈಜುತ್ತಿದ್ದ ಅಮೆರಿಕದ ಪ್ರಸಿದ್ಧ ಈಜುಗಾರ ಫ್ರಾನ್ ಕ್ರಿಪ್ಪನ್ ಗುರಿಯನ್ನು ಮುಟ್ಟುವ ಮೊದಲೇ ಅಸುನೀಗಿದರು. ಬೆಚ್ಚಗಿನ ನೀರಿನಲ್ಲಿ ಬೆವರು ಆರುವ ಅವಕಾಶವೇ ಇರದು, ದಾಹದ ಅರಿವೂ ಆಗದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತವಿರುತ್ತದೆ, ಗಾರೆಯ ಇಳಿಜಾರು ದಂಡೆ ಹತ್ತಲು ಕೈಗೆ ಸಿಕ್ಕದು. ಕೃಷ್ಣೆಯಲ್ಲಿ ಮೊಸಳೆಗಳಿರುವ ವಿಚಾರವನ್ನು ದೇವದುರ್ಗದ ಕಡೆಯ ನದೀತೀರದವರಿಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ನಿಂತು ಕಾದ ಕೆರೆ ಹೊಂಡಗಳಲ್ಲಿ, ಮೂಗಿನ ಮೂಲಕ ಮಿದುಳನ್ನು ಸೇರುವ ಅಮೀಬಾ ಇರಬಹುದು. ಅಪರೂಪದ ರೋಗವಾದರೂ ಕೇರಳದಲ್ಲಿ 2024ರಲ್ಲಿ ಅದರಿಂದ ಮಕ್ಕಳು ಸತ್ತಿದ್ದಾರೆ. ಕ್ಲೋರಿನ್ ಹಾಕಿದ ಕೊಳವೇ ಲೇಸು, ಮತ್ತು ದಂಡೆಯಲ್ಲೊಬ್ಬ ಈಜು ಬಲ್ಲವನಿಲ್ಲದೆ ನೀರಿಗಿಳಿಯಲೇ ಕೂಡದು.

ಪ್ರಶ್ನೆ: ರಕ್ತದೊತ್ತಡ, ಮಧುಮೇಹಗಳಿಗೆ ಮಾತ್ರೆ ಸೇವಿಸುತ್ತಿದ್ದೇನೆ. ಮಗನ ತಂಡದಲ್ಲಿ ಸೈಕಲ್ ತುಳಿಯಬಹುದೆ? (52 ವರ್ಷ, ಶಕ್ತಿನಗರ)

ಉತ್ತರ: ಹೃದಯಪರೀಕ್ಷೆಯಾದ ಮೇಲೆ ತುಳಿಯಬಹುದು. ಮೂತ್ರವನ್ನು ಹೆಚ್ಚಿಸುವ ಮಾತ್ರೆಗಳೂ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಹೊಸ ಮಾತ್ರೆಗಳೂ ದೇಹದ ನೀರನ್ನು ಕಳೆಯುತ್ತವೆ. ಹೃದಯದ ಬಡಿತವನ್ನು ತಗ್ಗಿಸುವ ಕೆಲವು ಮಾತ್ರೆಗಳು ಬಿಸಿಯನ್ನು ತಾಳುವ ಶಕ್ತಿಯನ್ನು ಕುಂದಿಸುತ್ತವೆ. ತಾವಾಗಿ ಯಾವುದನ್ನೂ ನಿಲ್ಲಿಸದೆ, ಚೀಟಿಯೊಡನೆ ತಮ್ಮ ವೈದ್ಯರನ್ನು ಕಾಣಿರಿ.

ಪ್ರಶ್ನೆ: ಜೊತೆಯವನು ಬಿಸಿಲಿನಲ್ಲಿ ಕುಸಿದರೆ ಮೊದಲು ಏನು ಮಾಡಬೇಕು? (ರಾಯಚೂರು)

ಉತ್ತರ: 2016ರಲ್ಲಿ ಮೆಕ್ಸಿಕೋದ ಕೊಸುಮೆಲ್‌ನಲ್ಲಿ ಟ್ರಯಥ್ಲಾನ್ ಸ್ಪರ್ಧೆಯೊಂದರ ಮುಂಚೂಣಿಯಲ್ಲಿದ್ದ ಜಾನಿ ಬ್ರೌನ್ಲಿ ಗುರಿಗೆ ಕೆಲವು ನೂರು ಮೀಟರ್ ಇರುವಾಗ ತೂರಾಡತೊಡಗಿದುದೂ, ಅಣ್ಣ ಅಲಿಸ್ಟರ್ ತನ್ನ ಗೆಲುವಿನ ಆಸೆಯನ್ನು ತೊರೆದು ಅವನನ್ನು ಆನಿಸಿಕೊಂಡು ಗುರಿ ಮುಟ್ಟಿಸಿದುದೂ ಜಗತ್ತೆಲ್ಲ ಕಂಡು ಕೊಂಡಾಡಿದ ದೃಶ್ಯ. ಭ್ರಾತೃಪ್ರೇಮಕ್ಕೆ ನಮಸ್ಕಾರ, ಆದರೆ ವೈದ್ಯನ ದೃಷ್ಟಿಯಲ್ಲಿ ತೂರಾಡುವವನನ್ನು ಆ ಕ್ಷಣದಲ್ಲಿಯೇ ನಿಲ್ಲಿಸಿ ಮಲಗಿಸಬೇಕು. ತೂರಾಟ, ಅಸಂಬದ್ಧ ಮಾತು, ಕಾರಣವಿಲ್ಲದ ಸಿಟ್ಟು, ಪ್ರಜ್ಞೆ ತಪ್ಪುವುದು, ಇವುಗಳೊಡನೆ ದೇಹದ ಒಳಗಿನ ಉಷ್ಣಮಾನ 40 ಡಿಗ್ರಿಯನ್ನು ಮೀರಿದರೆ ಅದು ಉಷ್ಣಾಘಾತ. ಚರ್ಮವು ಒಣಗಿರಲೇಬೇಕೆಂದಿಲ್ಲ, ಓಡುತ್ತ ಬಿದ್ದವನು ಬೆವರಿನಿಂದ ತೊಯ್ದಿರಬಹುದು. ಇಂಥವನಿಗೆ ತನ್ನ ಸ್ಥಿತಿ ತನಗೇ ತಿಳಿಯದಾದ್ದರಿಂದ ನೋಡುವ ಹೊಣೆ ಜೊತೆಯವರದು.

ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡದು. ಅರೆಪ್ರಜ್ಞೆಯವನ ಬಾಯಿಗೆ ನೀರು ಹಾಕಕೂಡದು. ಆಸ್ಪತ್ರೆಗೆ ಒಯ್ಯುವ ಮೊದಲು ತಂಪು ಮಾಡಬೇಕು, ಅರ್ಧ ಗಂಟೆಯೊಳಗೆ ಒಳಗಿನ ಬಿಸಿಯನ್ನು ಇಳಿಸಿದರೆ ಜೀವ ಉಳಿಯುವ ಭರವಸೆ ಬಹಳ. ಮಂಜುಗಡ್ಡೆಯ ನೀರಿನ ತೊಟ್ಟಿ ಸಿಕ್ಕರೆ ತಲೆಯನ್ನು ಮೇಲೆತ್ತಿ ಹಿಡಿದು ಕುತ್ತಿಗೆಯವರೆಗೆ ಮುಳುಗಿಸಿರಿ. ಸಿಕ್ಕದಿದ್ದರೆ ತಾಡಪತ್ರಿಯ ಅಂಚುಗಳನ್ನು ಎತ್ತಿ ಹಿಡಿದು ಅದರಲ್ಲಿ ಮಲಗಿಸಿ ನೀರು ತುಂಬಿರಿ, ಅದೂ ಇಲ್ಲದಿದ್ದರೆ ಹೊಲದ ಪಂಪಿನ ನೀರನ್ನು ಎಡೆಬಿಡದೆ ಸುರಿಯುತ್ತ ಗಾಳಿ ಬೀಸಿರಿ. ನೀರು ಸುರಿಯತೊಡಗಿದ ಕೂಡಲೆ ಒಬ್ಬರು 108ಕ್ಕೆ ಕರೆ ಮಾಡಿರಿ, ಆಂಬುಲೆನ್ಸ್ ಬರುವವರೆಗೆ ಸುರಿಯುವುದನ್ನು ನಿಲ್ಲಿಸಬೇಡಿರಿ.