ಗಡಿನಾಡಿನ ಕನ್ನಡವೂ ಸರ್ಕಾರದ ಸಾಂಸ್ಕೃತಿಕ ಸಂಸ್ಥೆಗಳೂ

ಕಲೆ, ಸಾಹಿತ್ಯಗಳ ಪೋಷಣೆಯು ಒಂದು ಕಾಲಕ್ಕೆ ಅರಮನೆ ಮತ್ತು ದೇವಾಲಯಗಳ ಹೊಣೆಯಾಗಿತ್ತು. ಪ್ರಜಾಪ್ರಭುತ್ವದಲ್ಲಿ ಆ ಹೊಣೆಯ ಬಹುಭಾಗ ಸರ್ಕಾರದ ಪಾಲಿಗೆ ಬಂದಿದೆ. ಅರಸರ ಕೊಡುಗೆ ಅವರ ಒಲವನ್ನು ಅವಲಂಬಿಸಿದ್ದರೆ, ಇಂದಿನ ಅನುದಾನವು ಪ್ರಜೆಗಳೇ ಸಲ್ಲಿಸಿದ ತೆರಿಗೆಯ ಹಣ. ಹಾಗಾದರೆ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಪ್ರದೇಶದ ಕನ್ನಡಿಗರ ನುಡಿಯನ್ನು ಪೋಷಿಸುವ ಹೊಣೆ ಯಾರದು? ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿರುವ ಈ ಶುಭಸಂದರ್ಭದಲ್ಲಿ ಈ ಪ್ರಶ್ನೆಯನ್ನು ವಿವೇಚಿಸುವುದು ಉಚಿತವಾಗಿದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಆಗ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಎಂದು ನಮ್ಮ ಜಿಲ್ಲೆಯ ಹೆಸರು ಬದಲಾಗುತ್ತ ಬಂದರೂ ಅನೇಕ ಮನೆಗಳ ಮಾತು ಕನ್ನಡವಾಗಿಯೇ ಉಳಿದಿದೆ. ಮಂಜೇಶ್ವರದ ಎಂ. ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದನ್ನಿತ್ತದ್ದು ಅಂದಿನ ಮದರಾಸು ಸರ್ಕಾರವೆಂಬುದು ಇಲ್ಲಿ ಸ್ಮರಣೀಯ. ಬಹುಭಾಷಾ ಪ್ರಾಂತವಾಗಿದ್ದಾಗ ಕನ್ನಡವನ್ನು ಗೌರವಿಸುವುದು ಆ ಸರ್ಕಾರಕ್ಕೆ ಸಹಜವಾಗಿತ್ತು.

ಇಂದಿನ ಸಾಂಸ್ಕೃತಿಕ ಸಂಸ್ಥೆಗಳನ್ನು ಮೂರು ಬಗೆಯಾಗಿ ಗುರುತಿಸಬಹುದು. ಮೊದಲನೆಯವು ನೆಲವನ್ನು ಆಧರಿಸಿದವು. 1961ರಲ್ಲಿ ಆರಂಭವಾದ ಕರ್ನಾಟಕ ಸಾಹಿತ್ಯ ಅಕಾಡೆಮಿ, ಆ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ತಮಿಳುನಾಡಿನ ಇಯಲ್ ಇಸೈ ನಾಟಕ ಮನ್ರಂ ಮುಂತಾದವುಗಳ ಕಾರ್ಯಕ್ಷೇತ್ರ ಮುಖ್ಯವಾಗಿ ಆಯಾ ರಾಜ್ಯವೇ. ಗಡಿನಾಡಿನವರು ಈ ಎರಡರ ನಡುವೆ ಜಾರಿಹೋಗುವ ಅಪಾಯವಿದೆ: ಅತ್ತ ನೆಲ ಬೇರೆ, ಇತ್ತ ನುಡಿ ಬೇರೆ. ಈ ಕೊರತೆಯನ್ನು ಕೆಲಮಟ್ಟಿಗೆ ನೀಗಿಸಲು ಕರ್ನಾಟಕವು 2010ರ ಕಾಯಿದೆಯ ಮೂಲಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು ಸ್ಥಾಪಿಸಿತು.

ಎರಡನೆಯವು ನುಡಿ ಅಥವಾ ಕಲೆಯನ್ನು ಆಧರಿಸಿದವು. 1954ರಲ್ಲಿ ಉದ್ಘಾಟನೆಗೊಂಡ ಕೇಂದ್ರ ಸಾಹಿತ್ಯ ಅಕಾಡೆಮಿಯು ಇಪ್ಪತ್ತನಾಲ್ಕು ಭಾಷೆಗಳನ್ನು ಮನ್ನಿಸುತ್ತದೆ. ಅದರ ಮುಂದೆ ಹೊಸೂರಿನ ಕನ್ನಡ ಲೇಖಕನೂ ಧಾರವಾಡದ ಲೇಖಕನೂ ಸಮಾನರು. ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರದ ವ್ಯಾಪ್ತಿಯಲ್ಲಿ ತಮಿಳುನಾಡು, ಕರ್ನಾಟಕಗಳೆರಡೂ ಸೇರಿರುವುದರಿಂದ ನಮ್ಮ ಜನಪದ ಕಲಾವಿದರಿಗೆ ಅದು ಸಹಜವಾದ ಆಶ್ರಯ.

ಮೂರನೆಯದು ಬಾನುಲಿ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಪ್ರಸಾರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸಂದಿತು. ಮುಂದೆ ಅದೇ ಹೆಸರು ದೇಶದ ಬಾನುಲಿಗೂ ಬಂದಿತು. 1955ರಲ್ಲಿ ಬೆಂಗಳೂರಿನ ನಿಲಯ ಪ್ರಾರಂಭವಾಯಿತು. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಹೊಸೂರಿಗೆ ಕನ್ನಡದ ದನಿ ಯಾವ ತನಿಖಾ ಠಾಣೆಯಲ್ಲೂ ನಿಲ್ಲದೆ ತಲುಪುತ್ತದೆ. 1997ರಿಂದ ಆಕಾಶವಾಣಿ, ದೂರದರ್ಶನಗಳೆರಡೂ ಪ್ರಸಾರ ಭಾರತಿಯ ಅಧೀನದಲ್ಲಿವೆ. ಹಣ ಸರ್ಕಾರದ್ದಾದರೂ ಕಾರ್ಯಕ್ರಮಗಳ ನಿರ್ಣಯ ಸ್ವಾಯತ್ತವಾಗಿರಬೇಕೆಂಬುದು ಆ ನಿಗಮದ ಆಶಯ. ಸ್ವಾಯತ್ತ ಸಂಸ್ಥೆಗೆ ಕಿವಿಗೊಡುವ, ಪ್ರಶ್ನಿಸುವ ಕೇಳುಗರಿಲ್ಲದಿದ್ದರೆ ಆ ಆಶಯವು ಕಾಗದದಲ್ಲಿಯೇ ಉಳಿಯುತ್ತದೆ.

ಈ ವಿಚಾರ ನಮ್ಮ ಶಾಲೆಗೆ ಏಕೆ ಮುಖ್ಯ? ಸಂವಿಧಾನದ 29ನೆಯ ವಿಧಿ ನಮ್ಮ ಭಾಷೆ, ಲಿಪಿಗಳನ್ನು ಕಾಪಾಡಿಕೊಳ್ಳುವ ಹಕ್ಕನ್ನಿತ್ತಿದೆ; 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ತಮಿಳುನಾಡಿನ 2006ರ ಕಾಯಿದೆಯು ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಈ ನಾಡಿನಲ್ಲಿ ಬಾಳುವ ಮಕ್ಕಳಿಗೆ ತಮಿಳು ಅವಶ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತರಗತಿಯಲ್ಲಿ ಕನ್ನಡಕ್ಕೆ ದೊರೆಯುವ ವೇಳೆ ಕುಗ್ಗಿದಷ್ಟೂ ತರಗತಿಯ ಹೊರಗಿನ ಗ್ರಂಥಾಲಯ, ಬಾನುಲಿ, ರಂಗಭೂಮಿಗಳ ಹೊಣೆ ಹೆಚ್ಚುತ್ತದೆ. ಓದಲು ಪುಸ್ತಕವೂ ಕೇಳಲು ಕಥೆಯೂ ಇಲ್ಲದ ಮಗುವಿಗೆ ಕನ್ನಡವು ಕೇವಲ ಪರೀಕ್ಷೆಯ ವಿಷಯವಾಗುತ್ತದೆ. ಕ್ರಮೇಣ ಅದೂ ಆಗದೆ ಹೋಗುತ್ತದೆ.

ಹಳೆಯ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕಾರ್ಯಗಳು ಹಲವಿವೆ. ಅನುದಾನಗಳು ಸಾಮಾನ್ಯವಾಗಿ ನೋಂದಾಯಿತ ಸಂಘಗಳಿಗೆ ಸಲ್ಲುವುದರಿಂದ, ಸಂಘದ ನೋಂದಣಿ, ಲೆಕ್ಕಪರಿಶೋಧನೆ, ಕಾರ್ಯವರದಿಗಳನ್ನು ಕ್ರಮವಾಗಿ ಇರಿಸಿಕೊಳ್ಳಬೇಕು. ಊರಿನ ಹಿರಿಯರಿಗೆ ತಿಳಿದಿರುವ ಸೋಬಾನೆ, ಬೀಸುವ ಪದ, ಬಯಲಾಟದ ಹಾಡುಗಳನ್ನು ಧ್ವನಿಮುದ್ರಿಸಿ ಬಾನುಲಿಗೂ ಅಕಾಡೆಮಿಗಳಿಗೂ ಪರಿಚಯಿಸಬೇಕು. 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಉಪಕರವನ್ನೂ ಸಂಗ್ರಹಿಸಲಾಗುತ್ತದೆ. ಈ ಉಪಕರವನ್ನು ಇಲ್ಲಿನ ಕನ್ನಡ ಮನೆಗಳೂ ಸಲ್ಲಿಸುತ್ತಿವೆ. ಆದಕಾರಣ ನಮ್ಮ ಊರಿನ ಗ್ರಂಥಾಲಯದ ಕಪಾಟಿನಲ್ಲಿ ಕನ್ನಡ ಪುಸ್ತಕಗಳಿರಬೇಕೆಂದು ಲಿಖಿತ ಮನವಿ ಸಲ್ಲಿಸುವುದರಿಂದಲೇ ಈ ಕಾರ್ಯವನ್ನು ಆರಂಭಿಸಬಹುದು. ಪುಸ್ತಕಗಳು ಬಂದ ಬಳಿಕ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಓದಿಸುವ ಹೊಣೆ ಮಾತ್ರ ನಮ್ಮದೇ.