ಸೇನಾಧಿಕಾರಿಯ ಆಯ್ಕೆ: ಒಂದು ತ್ರಿಕರಣ ಪರೀಕ್ಷೆ

ಅಜ್ಜಂಪುರಕ್ಕೆ ಅನತಿದೂರದಲ್ಲಿ, ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿರುವ ಅಮೃತೇಶ್ವರ ದೇವಾಲಯವನ್ನು ಕಾಣದ ವಿದ್ಯಾರ್ಥಿಗಳು ಈ ಸೀಮೆಯಲ್ಲಿ ವಿರಳ. ಅದನ್ನು 1196ರಲ್ಲಿ ಕಟ್ಟಿಸಿದವನು ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕನೆಂಬುದನ್ನು ಮಾತ್ರ ಬಲ್ಲವರು ಕಡಿಮೆ. ಅಂದಿನ ದಂಡನಾಯಕನನ್ನು ಆರಿಸುತ್ತಿದ್ದುದು ಅರಸನ ಕಣ್ಣು. ಮನೆತನ, ಸ್ವಾಮಿನಿಷ್ಠೆ, ರಣರಂಗದಲ್ಲಿ ತೋರಿದ ಪರಾಕ್ರಮ, ಇವೇ ಆ ಕಣ್ಣಿಗೆ ಪ್ರಮಾಣ. ಇಂದಿನ ದಂಡನಾಯಕನನ್ನು ಆರಿಸುವುದು ಮನೆತನವನ್ನಾಗಲಿ ಶಿಫಾರಸನ್ನಾಗಲಿ ಲೆಕ್ಕಿಸದ ಒಂದು ಪರೀಕ್ಷಾಮಂಡಲಿ. ಅಡಿಕೆ ತೋಟದ ಒಡೆಯನ ಮಗನೂ ಆ ತೋಟದಲ್ಲಿ ಕೂಲಿ ಮಾಡುವವನ ಮಗಳೂ ಅಲ್ಲಿ ಎದೆಯ ಮೇಲೆ ಒಂದೊಂದು ಸಂಖ್ಯೆಯನ್ನು ಧರಿಸಿ ಸಮಾನರಾಗಿ ನಿಲ್ಲುವರು. ಸಿಪಾಯಿಯಾಗಿ ಸೇನೆಯನ್ನು ಸೇರುವ ದಾರಿ ನಮ್ಮ ಹಳ್ಳಿಗಳಿಗೆ ತಿಳಿದಿದೆ. ಅಧಿಕಾರಿಯಾಗಿ ಸೇರುವ ದಾರಿ ತೆರೆದೇ ಇದ್ದರೂ ಅದರ ಅರಿವು ಸಾಲದು. ಆದಕಾರಣ ಆ ಪರೀಕ್ಷೆಯ ಸ್ವರೂಪವನ್ನೂ ಅದಕ್ಕೆ ಶಾಲೆಯೊಂದು ಮಾಡಬಹುದಾದ ಸಿದ್ಧತೆಯನ್ನೂ ವಿವೇಚಿಸುವುದು ಉಚಿತ.

ಕೆಲವೇ ನಿಮಿಷಗಳ ಸಂದರ್ಶನದಿಂದ ಅಧಿಕಾರಿಗಳನ್ನು ಆರಿಸುವ ಪದ್ಧತಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೋತಿತು. ಆರಿಸಿದವರಲ್ಲಿ ಅನೇಕರು ತರಬೇತಿಯಲ್ಲೇ ನಿಲ್ಲದಾದಾಗ ಬ್ರಿಟನ್ನಿನಲ್ಲಿ 1942ರಲ್ಲಿ ಹೊಸ ಬಗೆಯ ಆಯ್ಕೆ ಮಂಡಲಿಗಳು ಹುಟ್ಟಿದುವು. ಮರುವರ್ಷ, ಎಂದರೆ 1943ರಲ್ಲಿ, ಭಾರತದಲ್ಲಿ ಅಂಥ ಮೊದಲ ಮಂಡಲಿ ಡೆಹರಾಡೂನಿನಲ್ಲಿ ಆರಂಭವಾಯಿತು. ಅದರ ಪರಂಪರೆಯದೇ ಇಂದಿನ ಸರ್ವಿಸಸ್ ಸೆಲೆಕ್ಷನ್ ಬೋರ್ಡ್. ದಕ್ಷಿಣದ ಭೂಸೇನಾ ಆಯ್ಕೆ ಕೇಂದ್ರವು ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿದೆ. ಅಜ್ಜಂಪುರದ ನಿಲ್ದಾಣದಲ್ಲಿ ರೈಲನ್ನು ಹತ್ತಿದವನಿಗೆ ಅದು ದೂರವೇನಲ್ಲ. ಪಿ.ಯು.ಸಿ. ಮುಗಿಸುವವರಿಗೆ ಇಲ್ಲಿಗೆ ಹೆಬ್ಬಾಗಿಲು ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಸಲ ನಡೆಸುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯ ಪರೀಕ್ಷೆ. ಅದರಲ್ಲಿ ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600. ಆಮೇಲಿನ ಮಂಡಲಿಯ ಪರೀಕ್ಷೆಗೆ 900. ಬರೆದು ಗಳಿಸುವುದಷ್ಟೇ ತೂಕ, ಬದುಕಿ ತೋರಿಸುವುದಕ್ಕೂ ಇದೆ ಎಂದಾಯಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಈ ಹೆಬ್ಬಾಗಿಲು ಹೆಣ್ಣುಮಕ್ಕಳಿಗೂ ತೆರೆಯಿತು. 2022ರಲ್ಲಿ ಒಳಹೊಕ್ಕ ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ಖಡಕ್‌ವಾಸ್ಲಾದಲ್ಲಿ ತರಬೇತಿಯನ್ನು ಮುಗಿಸಿ ಹೊರಬಂದರು. ಪದವೀಧರರಿಗೆ ಬೇರೆ ಪರೀಕ್ಷೆಯುಂಟು. ಎನ್.ಸಿ.ಸಿ.ಯ 'ಸಿ' ಪ್ರಮಾಣಪತ್ರವುಳ್ಳ ಅರ್ಹ ಪದವೀಧರರಿಗೆ ಬರಹದ ಪರೀಕ್ಷೆಯಿಲ್ಲದೆ ನೇರವಾಗಿ ಮಂಡಲಿಯ ಮುಂದೆ ನಿಲ್ಲುವ ಅವಕಾಶವೂ ಇದೆ.

ಮಂಡಲಿಯ ಪರೀಕ್ಷೆ ಸಾಮಾನ್ಯವಾಗಿ ಐದು ದಿನಗಳದು. ಮೊದಲ ದಿನ ಬುದ್ಧಿಪರೀಕ್ಷೆಯನ್ನೂ ಒಂದು ಚಿತ್ರವನ್ನು ಕಂಡು ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವ ಪರೀಕ್ಷೆಯನ್ನೂ ನಡೆಸಿ, ಅದರಲ್ಲಿ ನಿಲ್ಲದವರನ್ನು ಅಂದೇ ಕಳುಹಿಸಿಬಿಡುವರು. ಉಳಿದವರನ್ನು ಮುಂದಿನ ದಿನಗಳಲ್ಲಿ ಮೂವರು ಬೇರೆ ಬೇರೆಯಾಗಿ ಅಳೆಯುತ್ತಾರೆ. ಮನಶ್ಶಾಸ್ತ್ರಜ್ಞನು ಅಭ್ಯರ್ಥಿಯ ಮುಖವನ್ನು ನೋಡದೆ ಅವನ ಬರಹವನ್ನಷ್ಟೇ ಓದುತ್ತಾನೆ. ಸಂದರ್ಶನಾಧಿಕಾರಿ ಅವನ ಮಾತನ್ನು ಕೇಳುತ್ತಾನೆ. ಗುಂಪು ಪರೀಕ್ಷಾಧಿಕಾರಿ ಮೈದಾನದಲ್ಲಿ ಅವನ ಕೆಲಸವನ್ನು ಕಾಣುತ್ತಾನೆ. ಮನಸಾ, ವಾಚಾ, ಕರ್ಮಣಾ ಎಂಬ ಪ್ರಾಚೀನ ಪದತ್ರಯವನ್ನೇ ಈ ಪದ್ಧತಿಯನ್ನು ವಿವರಿಸುವವರು ಬಳಸುವುದುಂಟು. ಕಡೆಯ ದಿನದ ಸಮಾಲೋಚನೆಯಲ್ಲಿ ಮೂವರ ಅಭಿಪ್ರಾಯಗಳನ್ನು ಒಟ್ಟಿಗಿಟ್ಟು ನೋಡುವರು. ಮೂರೂ ಒಬ್ಬನನ್ನೇ ತೋರಿಸಬೇಕು. ಬರಹದಲ್ಲಿ ಧೀರನಾಗಿ, ಮಾತಿನಲ್ಲಿ ವಿನಯಿಯಾಗಿ, ಮೈದಾನದಲ್ಲಿ ಹಗ್ಗಕ್ಕಾಗಿ ಗೆಳೆಯನನ್ನು ತಳ್ಳುವವನಾಗಿ ಕಂಡವನು ಮೂರು ಮಂದಿಯಾಗಿಬಿಡುತ್ತಾನೆ. ಬಾಯಿಪಾಠ ಮಾಡಿದ ಸಿದ್ಧ ಉತ್ತರಗಳು ಇಲ್ಲಿ ಕೈಕೊಡುವುದು ಇದೇ ಕಾರಣದಿಂದ.

ಮನಶ್ಶಾಸ್ತ್ರೀಯ ಪರೀಕ್ಷೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಭಾಷಾಧ್ಯಾಪಕನಿಗೆ ಕೆಲಸವಿರುವುದು ಇಲ್ಲಿಯೇ. ಹನ್ನೊಂದು ಚಿತ್ರಗಳನ್ನು ಒಂದೊಂದಾಗಿ ಅರ್ಧ ನಿಮಿಷ ತೋರಿಸಿ, ಪ್ರತಿಯೊಂದಕ್ಕೂ ನಾಲ್ಕು ನಿಮಿಷಗಳಲ್ಲಿ ಕಥೆಯನ್ನು ಬರೆಸುವರು. ಹನ್ನೆರಡನೆಯದು ಬರಿಯ ಬಿಳಿಯ ಹಾಳೆ. ಅಲ್ಲಿ ಕಥೆ ಅಭ್ಯರ್ಥಿಯದೇ. ಆಮೇಲೆ ಅರುವತ್ತು ಪದಗಳು, ಒಂದೊಂದಕ್ಕೆ ಹದಿನೈದು ಸೆಕೆಂಡು; ಪದ ಕಂಡೊಡನೆ ಹೊಳೆದುದನ್ನು ವಾಕ್ಯವಾಗಿ ಬರೆಯಬೇಕು. ಬಳಿಕ ಅರುವತ್ತು ಸನ್ನಿವೇಶಗಳಿಗೆ ಅರ್ಧ ಗಂಟೆಯಲ್ಲಿ ಪ್ರತಿಕ್ರಿಯೆ. ಕೊನೆಗೆ ತಾಯಿತಂದೆಗಳು, ಗುರುಗಳು, ಗೆಳೆಯರು ತನ್ನನ್ನು ಏನೆಂದು ಬಗೆಯುವರು, ತನಗೆ ತಾನು ಏನೆಂದು ತೋರುತ್ತಾನೆ ಎಂಬ ಆತ್ಮವರ್ಣನೆ. ಇಷ್ಟು ಅವಸರವೇಕೆಂದರೆ, ಮನಸ್ಸಿಗೆ ವೇಷ ಹಾಕಲು ಬಿಡುವು ಸಿಗಬಾರದು.

ಮಂಜುಮಂಜಾದ ಒಂದು ಚಿತ್ರವಿದೆ ಎಂದುಕೊಳ್ಳೋಣ: ಮಳೆ, ಒಂದು ದಿಬ್ಬ, ಓಡುತ್ತಿರುವ ಯುವಕ. ಸಿದ್ಧಕಥೆಯನ್ನು ಕಲಿತವನು ಯುವಕನನ್ನು ಕಮಾಂಡೊ ಮಾಡಿ, ಒಬ್ಬನೇ ಹತ್ತು ಮಂದಿ ಭಯೋತ್ಪಾದಕರನ್ನು ಹಿಡಿದು ಪದಕ ಪಡೆದನೆಂದು ಬರೆಯುತ್ತಾನೆ. ಹಳ್ಳಿಯಲ್ಲಿ ಬೆಳೆದವನು ತಾನು ಕಂಡುದನ್ನೇ ಬರೆಯಲಿ: ಕೆರೆಯ ಏರಿಯಲ್ಲಿ ನೀರು ಒಸರುವುದನ್ನು ಕಂಡ ಯುವಕ ಊರಿಗೆ ಓಡಿ, ಹತ್ತು ಮನೆಯವರನ್ನು ಕರೆತಂದು, ಚೀಲಗಳಿಗೆ ಮಣ್ಣು ತುಂಬಿಸಿ, ತೂಬನ್ನು ಎತ್ತಿಸಿ, ತಗ್ಗಿನ ಮನೆಗಳ ಮಕ್ಕಳನ್ನೂ ದನಗಳನ್ನೂ ಶಾಲೆಯ ಅಂಗಳಕ್ಕೆ ಸಾಗಿಸಿದ. ಇಲ್ಲಿ ಮುಂಗಾಣ್ಕೆಯಿದೆ, ವ್ಯವಸ್ಥೆಯಿದೆ, ಇತರರನ್ನು ಒಡಗೂಡಿಸುವ ಶಕ್ತಿಯಿದೆ. ಮಂಡಲಿ ಹುಡುಕುವ ಹದಿನೈದು ಅಧಿಕಾರಿಗುಣಗಳಲ್ಲಿ ಧೈರ್ಯವೂ ಒಂದು, ಆದರೆ ಒಂದು ಮಾತ್ರ. ಸಹಕಾರ, ಹೊಣೆಗಾರಿಕೆ, ವಿವೇಚನೆ, ಸಂಘಟನೆ, ಶೀಘ್ರನಿರ್ಣಯಗಳೂ ಅಷ್ಟೇ ಮುಖ್ಯ. ಅಜ್ಜಂಪುರದ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿದ್ದ ಸಣ್ಣಕಥೆಗಾರ ಸೀತಾರಾಂ, ಅರ್ಥಾತ್ 'ಆನಂದ'ರು, ಮನೆಯೊಳಗಿನ ಬಾಳಿನಿಂದಲೇ ಕಥೆಗಳನ್ನು ತೆಗೆದವರು. ಅಂಥ ಊರಿನ ಮಕ್ಕಳು ಸಿನಿಮಾದ ಕಥೆಯನ್ನು ಎರವಲು ತರಬೇಕಾದುದೇನು?

ಇಲ್ಲಿ ಒಂದು ಕಷ್ಟವನ್ನು ಮುಚ್ಚಿಡಲಾಗದು. ಪರೀಕ್ಷೆಯ ಭಾಷೆ ಇಂಗ್ಲಿಷ್ ಅಥವಾ ಹಿಂದಿ. ಕನ್ನಡಕ್ಕೆ ಅಲ್ಲಿ ಎಡೆಯಿಲ್ಲ. ಹಿಂದಿ ಮನೆಮಾತಾಗಿರುವವನು ಹದಿನೈದು ಸೆಕೆಂಡುಗಳಲ್ಲಿ ಒಂದು ಕೆಲಸ ಮಾಡಿದರೆ, ಕನ್ನಡದಲ್ಲಿ ಯೋಚಿಸುವವನು ಎರಡು ಕೆಲಸ ಮಾಡಬೇಕು. ಇದು ಸಮವಲ್ಲದ ಸ್ಪರ್ಧೆಯೇ ಸರಿ. ಆದರೆ ಅದಕ್ಕಾಗಿ ಕನ್ನಡವನ್ನು ಬದಿಗೊತ್ತುವ ಉಪಾಯ ತಪ್ಪು. ಹಿಂದೆ ಏನಾಯಿತು, ಈಗ ಏನಾಗುತ್ತಿದೆ, ಮುಂದೆ ಏನಾಗುವುದು ಎಂದು ಒಂದು ಪ್ರಸಂಗವನ್ನು ಅಡಕವಾಗಿ ಹೇಳುವ ಅಭ್ಯಾಸ ತಾಯ್ನುಡಿಯಲ್ಲಿ ಕೂಡಿಬರದಿದ್ದರೆ ಯಾವ ನುಡಿಯಲ್ಲಿಯೂ ಬಾರದು. ಎಂಟನೆಯ ತರಗತಿಯಿಂದ ವಾರಕ್ಕೊಂದು ಚಿತ್ರವನ್ನು ಗೋಡೆಗೆ ತೂಗುಹಾಕಿ, ಮೊದಲು ಕನ್ನಡದಲ್ಲಿ ಹೇಳಿಸಿ, ಅದನ್ನೇ ಎಂಟು ಹತ್ತು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಸುವುದು ಯಾವ ಶಾಲೆಗೂ ಹೊರೆಯಲ್ಲ. ಮಂಡಲಿ ಬಯಸುವುದು ಅಲಂಕಾರವನ್ನಲ್ಲ, ತಡವರಿಸದ ಅರ್ಥವನ್ನು.

ಮೈದಾನದ ಎರಡು ದಿನಗಳಲ್ಲಿ ಹಳ್ಳಿಯ ಮಕ್ಕಳಿಗೆ ಅನುಕೂಲವೇ ಹೆಚ್ಚು. ಹಲಗೆ, ದಿಮ್ಮಿ, ಹಗ್ಗ, ಒಂದು ಹೊರೆ ಇವಿಷ್ಟನ್ನು ಕೊಟ್ಟು, ನೆಲವನ್ನು ಮುಟ್ಟದೆ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಗುಂಪು ದಾಟಬೇಕೆನ್ನುವರು. ಕೆಂಪು ಬಣ್ಣ ಬಳಿದ ಜಾಗವನ್ನು ಮುಟ್ಟುವಂತಿಲ್ಲ. ಹಲಗೆಯ ಒಂದು ತುದಿಯನ್ನು ಇಬ್ಬರು ಅದುಮಿ ಹಿಡಿದರೆ ಚಾಚಿದ ಇನ್ನೊಂದು ತುದಿಯ ಮೇಲೆ ಮೂರನೆಯವನು ಮುಂದೆ ಸಾಗಬಹುದೆಂಬುದನ್ನು, ಹುಲ್ಲಿನ ಗಾಡಿಯನ್ನು ಹೇರಿ ಹಗ್ಗ ಬಿಗಿದ ಕೈ ಪುಸ್ತಕವಿಲ್ಲದೆಯೇ ಬಲ್ಲುದು. ಆದರೆ ಬಲ್ಲವನು ಬಾಯಿ ತೆರೆಯಬೇಕು. ಗ್ರಾಮೀಣ ಅಭ್ಯರ್ಥಿಯ ದೊಡ್ಡ ದೋಷ ಸಂಕೋಚ; ಉಪಾಯ ಹೊಳೆದರೂ ನಗರದ ಹುಡುಗ ಮಾತಾಡಿ ಮುಗಿಸಲೆಂದು ಕಾಯುತ್ತಾನೆ. ಹಿರಿಯರ ಮುಂದೆ ಸುಮ್ಮನಿರುವುದೇ ವಿನಯವೆಂದು ಕಲಿಸಿದ ಮನೆಗಳೂ ಶಾಲೆಗಳೂ ಇದಕ್ಕೆ ಕೊಂಚ ಹೊಣೆ. ಇದಲ್ಲದೆ ಮೂರು ನಿಮಿಷಗಳಲ್ಲಿ ಹತ್ತು ಅಡೆತಡೆಗಳನ್ನು ಒಬ್ಬನೇ ದಾಟುವುದುಂಟು. ದಿನವೂ ಓಡುವವನಿಗೆ, ಹಗ್ಗ ಹತ್ತುವವನಿಗೆ ಅದರ ಭಯ ಬೇಕಿಲ್ಲ.

ಸಂದರ್ಶನದಲ್ಲಿ ಅಭ್ಯರ್ಥಿ ತಾನೇ ತುಂಬಿಕೊಟ್ಟ ವಿವರಪತ್ರವೇ ಪ್ರಶ್ನೆಗಳಿಗೆ ಮೂಲ. ಹವ್ಯಾಸ 'ಓದು' ಎಂದು ಬರೆದು, ಈಚೆಗೆ ಓದಿದ ಪುಸ್ತಕದ ಹೆಸರಿಗೆ ತಡಕಾಡುವವರು ಬಹಳ. ಊರಿನ ವಿಷಯವನ್ನು ಕೇಳುವುದಂತೂ ಸಾಮಾನ್ಯ. ಅಜ್ಜಂಪುರದವನೆಂದು ಹೇಳಿಕೊಂಡವನಿಗೆ ಅಮೃತಮಹಲ್ ತಳಿ ಸಂವರ್ಧನ ಕೇಂದ್ರ ತಿಳಿದಿರಬೇಡವೆ? ಮೈಸೂರು ಒಡೆಯರ 'ಬೆಣ್ಣೆ ಚಾವಡಿ'ಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟುದು, ಆ ಎತ್ತುಗಳು ಹೈದರ್, ಟಿಪ್ಪು ಮತ್ತು 1799ರ ಅನಂತರ ಇಂಗ್ಲಿಷರ ಸೇನೆಗಳ ಫಿರಂಗಿಗಳನ್ನು ಎಳೆದುದು ಸೇನಾಧಿಕಾರಿಯೊಬ್ಬನೊಡನೆ ಆಡಲು ಇದಕ್ಕಿಂತ ತಕ್ಕ ಮಾತುಂಟೆ? ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಈ ಊರ ಬಳಿಯಲ್ಲೇ ಹಾದು ಚಿತ್ರದುರ್ಗದ ಕಡೆಗೆ ನೀರನ್ನು ಒಯ್ಯಲು ನಿರ್ಮಿತವಾದುದನ್ನೂ ಅವನು ಹೇಳಬಲ್ಲವನಾಗಿರಬೇಕು. ತಿಳಿಯದುದನ್ನು ಮಾತ್ರ ತಿಳಿಯದೆಂದೇ ಹೇಳತಕ್ಕದ್ದು.

ಆಯ್ಕೆಯಾಗದವರಿಗೆ ಕಾರಣವನ್ನು ತಿಳಿಸುವ ಪದ್ಧತಿಯಿಲ್ಲ; ಇದು ಮಕ್ಕಳನ್ನು ಬಹಳ ನೋಯಿಸುತ್ತದೆ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ವಾಯುಸೇನೆಗಾಗಿ ಡೆಹರಾಡೂನಿನ ಮಂಡಲಿಯ ಮುಂದೆ ನಿಂತಾಗ 25 ಮಂದಿಯಲ್ಲಿ ಒಂಬತ್ತನೆಯವರಾದರು. ಬೇಕಾದವರು ಎಂಟೇ ಮಂದಿ. ವಯೋಮಿತಿಯೊಳಗೆ ಮತ್ತೆ ಎಷ್ಟು ಸಲ ಬೇಕಾದರೂ ಬರಬಹುದೆಂಬುದನ್ನು ತಂದೆತಾಯಿಗಳಿಗೆ ಮೊದಲೇ ಹೇಳಿಟ್ಟರೆ, ಹಿಂದಿರುಗಿದ ಮಗನನ್ನೋ ಮಗಳನ್ನೋ ನಿಲ್ದಾಣದಲ್ಲಿ ಎದುರುಗೊಳ್ಳುವಾಗ ಮಾತು ಹಗುರವಾದೀತು. ಮೊದಲ ಸಲ ಕರೆ ಬಂದವರಿಗೆ ನಿಯಮದಂತೆ ರೈಲಿನ ವೆಚ್ಚವನ್ನೂ, ಎಲ್ಲರಿಗೂ ಊಟ ವಸತಿಯನ್ನೂ ಮಂಡಲಿಯೇ ಕೊಡುವುದು. ಕರೆಪತ್ರ, ಜನ್ಮದಿನಾಂಕ ತೋರುವ ಅಂಕಪಟ್ಟಿಯ ಮೂಲಪ್ರತಿ, ರೈಲಿನ ಟಿಕೆಟ್ಟು, ಓಟಕ್ಕೆ ತಕ್ಕ ಬಿಳಿಯ ಬೂಟು, ಇವನ್ನು ಹಿಂದಿನ ರಾತ್ರಿಯೇ ಜೋಡಿಸಿಕೊಳ್ಳಬೇಕು.